ಕಚ್ಚಿದ ರೊಟ್ಟಿ

ಮೂರು ದಿಕ್ಕಿಗೆ ಗ್ಯಾಲರಿ ಎಬ್ಬಿಸಿದವರು
ನಾಲ್ಕನೆಯದನ್ನು ಹಾಗೇ ಬಿಟ್ಟರು.
ಬಳ್ಳಾರಿ ಗುಡ್ಡ ಅಲ್ಲಿ ಆಗಲೇ ಕೂತಿತ್ತು,
ಟಿಕೆಟ್ಟಿಲ್ಲದೆ, ಮೊಣಕಾಲು ಮಡಿಚಿ.

ಟೇಪು ಹಿಡಿದು ಬಂದ ಎಂಜಿನಿಯರನಿಗೆ
ಎಡಗಡೆ ಹದಿನಾಲ್ಕು ಮಾರು ಕಡಿಮೆ ಬಿತ್ತಂತೆ.
ಎರ್ರೆಮ್ಮನ ಹಿತ್ತಲು ಅದು. ಜೀನ್ಸ್ ತೊಳೆಯುವ, ಬಣ್ಣ ಕಟ್ಟುವ ತೊಟ್ಟಿಗಳು.
‘ನಮ್ಮಪ್ಪ ಕಟ್ಟಿಸಿದ್ದು, ನಿಮ್ಮ ಗೆರೇನೇ ಸರಿಸ್ಕೊಳ್ರಿ’ ಅಂದಳು.
ಸರಿಸಿಕೊಂಡರು.
ಅದಕ್ಕೇ ನಮ್ಮ ಸ್ಟೇಡಿಯಂ ದುಂಡಗಿಲ್ಲ,
ಒಂದು ಕಡೆ ಕಚ್ಚಿದ ರೊಟ್ಟಿ.

ಹೊರಗಿನಿಂದ ಬಂದ ತಂಡಗಳು ಮೊದಲು ನಗುತ್ತವೆ.
ಆಮೇಲೆ ಯಾರೋ ಆ ಕಡೆಗೇ ಎತ್ತಿ ಬಾರಿಸುತ್ತಾನೆ.
ಬಿಳಿ ಚೆಂಡು ಗೋಡೆ ದಾಟುತ್ತದೆ,
ಸ್ವಲ್ಪ ಹೊತ್ತಿಗೆ
ನೀಲಿ ಚೆಂಡು ವಾಪಸು ಬರುತ್ತದೆ.
ಅಂಪೈರು ಗಾದಿಲಿಂಗಪ್ಪ ಅದನ್ನು ಪ್ಯಾಂಟಿಗೆ ಒರೆಸಿ
ಮೂಸಿ ನೋಡಿ
‘ಆಡ್ರಿ’ ಅನ್ನುತ್ತಾನೆ.
ಅವನ ಪ್ಯಾಂಟಿನ ಬಲತೊಡೆ ಈಗ ಯಾವ ಸೋಪಿಗೂ ಬಗ್ಗುವುದಿಲ್ಲ.

ನಾನು ಝಿಪ್ಪು ಕೂರಿಸುವವಳು, ದಿನಕ್ಕೆ ಇನ್ನೂರ ಹತ್ತು.
ನಮ್ಮ ಎರಡನೇ ಮಹಡಿಯ ಕಿಟಕಿಗೆ ಕಾಣುವುದು
ಗ್ಯಾಲರಿಯ ಬೆನ್ನು ಮಾತ್ರ.
ಮೂರು ವರ್ಷ ನಾನು ಮತ್ತು ಮಾಬುನ್ನಿ
ಆಟವನ್ನು ಕಿವಿಯಿಂದಲೇ ನೋಡಿದೆವು.
ಗಿಡ್ಡ ಕೂಗಾದರೆ ವಿಕೆಟ್ಟು.
ಉದ್ದಕ್ಕೆ ಎಳೆದರೆ ಸಿಕ್ಸರು.
ಕೂಗು ಮೇಲೇರಿ ಅರ್ಧಕ್ಕೇ ಮುರಿದರೆ
ಪಾಪ, ಯಾರದೋ ಕೈಗೆ ಸಿಕ್ಕು ಜಾರಿದ ಕ್ಯಾಚು.
ಮಷೀನು ನಿಲ್ಲಿಸಿ ಹಲಗೆಯ ಮೇಲೆ
ಸೀಮೆಸುಣ್ಣದಲ್ಲಿ ಲೆಕ್ಕ ಬರೆಯುತ್ತಿದ್ದೆವು.
ಮರುದಿನದ ಪೇಪರಿಗೂ ನಮ್ಮ ಲೆಕ್ಕಕ್ಕೂ
ಒಮ್ಮೆಯೂ ತಾಳೆಯಾಗಿಲ್ಲ.

ಈ ಶನಿವಾರ ಮೂವತ್ತು ರೂಪಾಯಿ ಕೊಟ್ಟು ಒಳಗೆ ಬಂದೆ.

ಇಷ್ಟು ಹಸಿರನ್ನು ಊರ ನಡುವೆ ಯಾರು ಬಚ್ಚಿಟ್ಟಿದ್ದರು?
ಕೆಮ್ಮಣ್ಣಿನ ಧೂಳಲ್ಲಿ ಹಲ್ಲು ತಿಕ್ಕುವವರು ನಾವು.
ಅಂಗಡಿಯವ ಥಾನು ಝಾಡಿಸಿ ಹಾಸಿದ ಹಾಗೆ
ದೀಪದಡಿ ಅಷ್ಟೂ ಹಸಿರು,
ಮಡಿಕೆಯ ಗುರುತೂ ಇಲ್ಲದೆ.

ಒಗ್ಗರಣೆ ಮಿರ್ಚಿಯ ಕಾಗದ ಕೈಯಲ್ಲಿ ಬಿಸಿ,
ಕುರ್ಚಿ ಅದಕ್ಕಿಂತ ಬಿಸಿ.
ಹಗಲೆಲ್ಲ ಕುಡಿದ ಬಿಸಿಲನ್ನು ಗುಡ್ಡ
ರಾತ್ರಿ ಒಂಬತ್ತರವರೆಗೆ ನಮಗೇ ಬಡಿಸುತ್ತದೆ.
ಮೈಕಿನವ ಕನ್ನಡದಲ್ಲಿ ಶುರು ಮಾಡಿ
ತೆಲುಗಿನಲ್ಲಿ ಬೈದು
ಉರ್ದುವಿನಲ್ಲಿ ಸಮಾಧಾನ ಹೇಳುತ್ತಾನೆ.
ಪಕ್ಕದ ಮುದುಕ, ಗುರುತಿಲ್ಲದವ,
‘ಯಾರ ಕಡೇನವ್ವ ನೀನು?’ ಅಂದ.
ಗೊತ್ತಿರಲಿಲ್ಲ. ‘ಎರ್ರೆಮ್ಮನ ಕಡೆ’ ಅಂದೆ.

ಕೊನೆಯ ಓವರು.
ನಾನು ಕೂತದ್ದು ಎಲ್ಲಕ್ಕಿಂತ ಮೇಲಿನ ಸಾಲು.
ಯಾಕೋ ಹಿಂತಿರುಗಿ ನೋಡಿದೆ.
ನಮ್ಮ ಕಿಟಕಿ. ಟ್ಯೂಬ್‌ಲೈಟು. ರಾತ್ರಿ ಪಾಳಿ.
ಮಾಬುನ್ನಿ ಸೀಮೆಸುಣ್ಣ ಹಿಡಿದು
ತಲೆ ವಾಲಿಸಿ ನಿಂತಿದ್ದಾಳೆ.

ಹಿಂದೆ ಮೈದಾನದಲ್ಲಿ ಸ್ಟಂಪು ಹಾರಿದ ಸದ್ದು.
ಎಲ್ಲರೂ ಗಿಡ್ಡಕ್ಕೆ ಕೂಗಿ ಕೂತರು.
ನಾನೊಬ್ಬಳು ಎದ್ದು, ಉಸಿರಿರುವ ತನಕ
ಎಳೆದೆ, ಎಳೆದೆ.
ಮುದುಕ ನನ್ನನ್ನೇ ನೋಡುತ್ತಿದ್ದ.
ನೋಡಲಿ.
ಆ ಹಲಗೆಯ ಮೇಲೆ ಒಂದು ಸಿಕ್ಸರು ಇರಲಿ.