ವರದಿಗೆ ಸೇರದೆ ಉಳಿದದ್ದು

ಕಳಿಸಿಕೊಡುವ ಪೂಜೆಯ ದಿನ ಫಾದರ್
ಕೊರಳಿಗೆ ಮರದ ಶಿಲುಬೆ ಹಾಕಿ ಅಂದರು:
ಒಂದು ವರ್ಷ. ಬಂಗಾರಪೇಟೆ. ಸೂರಿಲ್ಲದವರ ನಡುವೆ.
ಹಾರೋಬೆಲೆಯ ಅಜ್ಜಿ ಬ್ಯಾಗಿಗೆ ತುರುಕಿದಳು
ಒಂದು ಜಪಸರ, ಅರ್ಧ ಕೇಜಿ ಕಡಲೆಬೀಜದುಂಡೆ.
ಉಂಡೆ ಮೂರೇ ದಿನಕ್ಕೆ ಮುಗಿಯಿತು.

ಸಿಸ್ಟರ್ ಬೆನಿಟಾ ಒಂದು ಉಗುರುಕತ್ತರಿ ಕೊಟ್ಟರು,
ಲಾಳ ಕಟ್ಟುವವನ ಚೀಲದಲ್ಲಿರುವಂಥದ್ದು.
ಮೊದಲು ಕಾಲು, ಅಂದರು. ಮಾತು ಆಮೇಲೆ.

ಮೊದಲ ಕಾಲು ಹಿಡಿದ ದಿನ
ನೀರಿನ ಟ್ಯಾಂಕಿನ ಹಿಂದೆ ಹೋಗಿ ವಾಂತಿ ಮಾಡಿದೆ.
ವರದಿಯಲ್ಲಿ ಇದಿಲ್ಲ.
ಹೇನು ಹತ್ತಿ ನನ್ನ ತಲೆಯನ್ನೇ ಬೋಳಿಸಿದ್ದು,
ತಿಂಡಿ ಪೊಟ್ಟಣ ಕಸಿದ ಹುಡುಗನಿಗೆ
ಶಿಲುಬೆ ತೂಗುವ ಎದೆಯಿಂದಲೇ
ಅಂಥ ಬೈಗುಳ ಹೊರಟಿದ್ದು,
ಅದೂ ಇಲ್ಲ.

ಬೂದಿ ಬುಧವಾರ ನನ್ನ ಹಣೆ ನೋಡಿ
ಹಣ್ಣು ಮಾರುವ ನಾಗವೇಣಿ ಕೇಳಿದಳು,
ಯಾವ ದೇವಸ್ಥಾನ? ಪ್ರಸಾದ ಎಲ್ಲಿ?
ನಾವು ಬರೀ ಮಣ್ಣು ಅಂತ ನೆನಪಿಸೋ ಬೂದಿ ಅಕ್ಕಾ, ಅಂದೆ.
ಅದಕ್ಕೂ ಬೂದಿ ಬೇಕಾ, ಅಂದಳು,
ಸೀಬೆಹೋಳಿಗೆ ಉಪ್ಪುಖಾರ ಹಚ್ಚುತ್ತ.

ಮಾರಿಕುಪ್ಪಂ ಗಾಡಿ ನಿಲ್ಲುವ ತುದಿಯಲ್ಲಿ
ತಗಡಿನ ನೆರಳು ಮುಗಿದು ಬಯಲು ಶುರುವಾಗುವಲ್ಲಿ
ದೊರೈಕಣ್ಣು ಮಲಗುತ್ತಿದ್ದರು.
ಚಳಿಗೂ ಅಲ್ಲೇ, ಮಳೆಗೂ ಅಲ್ಲೇ, ಗೋಣಿ ಹೊದ್ದು.
ಆಸರೆಮನೆಯಲ್ಲಿ ಮಂಚ ಇದೆ ತಾತಾ,
ಕಂಬಳಿ ಇದೆ, ಬಿಸಿನೀರಿದೆ.
ಹನ್ನೊಂದು ತಿಂಗಳು ಕರೆದೆ.
ಪ್ರತಿ ಸಲವೂ ಒಂದೇ ಪ್ರಶ್ನೆ:
ಅದಕ್ಕೆ ಮೇಲೆ ಮುಚ್ಚಳ ಇದೆಯಲ್ಲವಾ?

ಚಿನ್ನದ ಗಣಿಯಲ್ಲಿ ಇಪ್ಪತ್ತೇಳು ವರ್ಷ.
ಬಂಡೆ ಸಿಡಿದ ದಿನ ಜೊತೆಯವರು ಒಳಗೇ ಉಳಿದರು.
ಅಷ್ಟೇ ಹೇಳಿದ್ದು.
ಎಷ್ಟು ಜನ ಅಂತ ನಾನು ಕೇಳಲಿಲ್ಲ.
ನಿನ್ನ ಹೆಸರೇನು, ಅಂದರು.
ಮನೆಯಲ್ಲಿ ರಾಯಪ್ಪ. ಜ್ಞಾನಸ್ನಾನದ ಪುಸ್ತಕದಲ್ಲಿ ಪೇತ್ರ.
ಪೇತ್ರ ಅಂದರೆ ಬಂಡೆ ತಾತಾ,
ಅದರ ಮೇಲೇ ನಮ್ಮ ಸಭೆ ಕಟ್ಟಿದ್ದು.
ನಕ್ಕರು, ಹಲ್ಲಿಲ್ಲದ, ಸದ್ದಿಲ್ಲದ ನಗು.
ಮೇಲೆ ಕಟ್ಟಬಹುದು ಪಾಪಾ,
ಕೆಳಗೆ ಇರೋದು ಕಷ್ಟ.

ಪವಿತ್ರ ಗುರುವಾರ ಚರ್ಚಿನಲ್ಲಿ
ಹನ್ನೆರಡು ಮಂದಿ, ಮನೆಯಲ್ಲೇ ಸೋಪು ಹಾಕಿ
ತೊಳೆದುಕೊಂಡು ಬಂದ ಕಾಲು ಚಾಚಿದರು.
ತಂಬಿಗೆ ಹಿಡಿದವನು ನಾನು.
ರಾತ್ರಿ ಅದೇ ತಂಬಿಗೆ ತಂದು
ದೊರೈಕಣ್ಣು ಮುಂದೆ ಕುಕ್ಕರಿಸಿದರೆ
ಏನು, ಎಲೆಕ್ಷನ್ನು ಬಂತಾ, ಅಂದರು.
ಆದರೂ ಕಾಲು ಕೊಟ್ಟರು.
ಹಿಮ್ಮಡಿಯ ಬಿರುಕಿನಲ್ಲಿ ಒಂದು ಕಪ್ಪು ಗೆರೆ
ಎಷ್ಟು ಉಜ್ಜಿದರೂ ಹೋಗಲಿಲ್ಲ.
ಬಿಡು, ಅದು ಒಳಗಿಂದು.

ವರದಿಯ ಕೊನೆಯ ಪುಟದಲ್ಲಿ ಹೀಗಿದೆ:
ಆಸರೆಗೆ ಬಂದವರು ನಲವತ್ತೊಂದು.
ಮನೆಗೆ ಮರಳಿದವರು ಆರು.
ತೀರಿಕೊಂಡವರು ಒಂಬತ್ತು, ಹೆಸರು ಗೊತ್ತಿಲ್ಲದವರು ನಾಲ್ಕು.
ದೊರೈಕಣ್ಣುಗೆ ಕಲಮು ಸಿಗಲಿಲ್ಲ.

ಕೊನೆಯ ರಾತ್ರಿ ಕರೆಯಲಿಲ್ಲ.
ನನ್ನ ಚಾಪೆಯನ್ನೇ ಒಯ್ದು ಪಕ್ಕದಲ್ಲಿ ಬಿಡಿಸಿದೆ.
ಸೊಳ್ಳೆ. ಗೂಡ್ಸುಗಾಡಿಗೆ ನಡುಗುವ ಬೆನ್ನಡಿಯ ಕಲ್ಲು.
ಅವರು ಮಾತಿಲ್ಲದೆ ಅರ್ಧ ಗೋಣಿ ನನ್ನತ್ತ ತಳ್ಳಿದರು,
ಅದು ನಾರುತ್ತಿತ್ತು, ಬೆಚ್ಚಗಿತ್ತು.
ಮೇಲೆ ಮುಚ್ಚಳವಿಲ್ಲ. ನಕ್ಷತ್ರ ಅಂತ ಬರೆಯಬಹುದಿತ್ತು,
ಸಿಗ್ನಲ್ಲಿನ ಕೆಂಪು ದೀಪವಷ್ಟೇ ಕಂಡದ್ದು.
ನಮೋ ಮರಿಯೆ ಹೇಳುತ್ತ ಮೂರನೇ ಮಣಿಗೆ ನಿದ್ದೆ.

ಎದ್ದಾಗ ಬೆಳಕು ಹರಿದಿತ್ತು.
ನನ್ನ ಚಪ್ಪಲಿಗಳನ್ನು ತೊಡೆಯ ಮೇಲಿಟ್ಟುಕೊಂಡು
ದೊರೈಕಣ್ಣು ಕೂತಿದ್ದರು.
ಇಲ್ಲಿ ಕಳ್ಳರಿದಾರೆ, ಅಂದರು.
ನಿಂಗೆ ಗೊತ್ತಾಗಲ್ಲ.