ಏಳನೆಯ ಪಟ್ಟಿ

ಮೂವತ್ತೊಂದು ವರ್ಷ ಈ ಕಾರು ಎಲ್ಲಿಗೂ ಹೋಗಲಿಲ್ಲ.
ಪಲ್ಪಿಂಗ್ ಶೆಡ್ಡಿನಲ್ಲಿ ಹಿಂದಿನ ಚಕ್ರ ಬಿಚ್ಚಿಸಿಕೊಂಡು
ಡ್ರಮ್ಮಿಗೆ ಬೆಲ್ಟು ಕಟ್ಟಿಸಿಕೊಂಡು
ನಿಂತಲ್ಲೇ ಓಡಿ
ಕಾಫಿ ಹಣ್ಣಿನ ಸಿಪ್ಪೆ ಸುಲಿದ ಫೋರ್ಡು.
ಮುಂದಿನ ಆಕ್ಸಲ್ ಯಾವ ಕಾಲಕ್ಕೋ ಯಾರದೋ ಗಾಡಿಗೆ ಹೋಗಿತ್ತು.
ಮೂತಿಯ ಕೆಳಗೆ ಎರಡು ಕಲ್ಲು.
ಕಲ್ಲನ್ನೇ ಕಾಲೆಂದು ನಂಬಿತ್ತು, ಪಾಪ.

ನಾನು ಗೋಣಿಕೊಪ್ಪ ಬೈಪಾಸಿನಲ್ಲಿ
ಪಂಪು, ಪಲ್ಪರು, ಕಳೆ ಕೊಚ್ಚುವ ಯಂತ್ರ ರಿಪೇರಿ ಮಾಡುವ ಚೋಂದಮ್ಮ.
ಇದನ್ನು ಓಡಿಸುತ್ತೇನೆ ಎಂದಾಗ ನಕ್ಕವರು
ಬಾನೆಟ್ಟು ಕಿತ್ತು, ಮಡ್‌ಗಾರ್ಡು ಕಿತ್ತು
ಎಂಜಿನ್ನನ್ನು ಬೆತ್ತಲೆ ನಿಲ್ಲಿಸಿದ ದಿನ ಸುಮ್ಮನಾದರು.
ಇನ್ನು ಉಳಿದದ್ದು
ಮೂಗು ಯಾವುದರ ಮೇಲೆ ನಿಲ್ಲಬೇಕು ಅನ್ನುವುದು.

ಜೀಪಿನದು ಹಾಕು, ಅಂತಾನೆ ಗುಜರಿಯ ಮೊಯ್ದು ಕಾಕ.
ಎಡಕ್ಕೊಂದು ಬಲಕ್ಕೊಂದು ಪಟ್ಟಿಕಟ್ಟು, ನಾಲ್ಕು ಯು-ಬೋಲ್ಟು,
ಕಣ್ಣು ಮುಚ್ಚಿ ಕುಟ್ಟ ದಾಟು.
ದಾಟಬಹುದು ಕಾಕ. ಆದರೆ ಜೀಪಿನ ಕಾಲು ಹಾಕಿದರೆ
ಜೀಪಿನ ನಡಿಗೆಯೇ ಬರುತ್ತದೆ. ಮುಚ್ಚಿಕೊಳ್ಳಲು ಮಡ್‌ಗಾರ್ಡೂ ಇಲ್ಲ ಇದಕ್ಕೆ.
ತಮ್ಮ ಪೂಣಚ್ಚ ಫೋನಿನಲ್ಲಿ ಚಿತ್ರ ತೋರಿಸುತ್ತಾನೆ:
ಕೊಳವೆ ಆಕ್ಸಲ್, ಕಾಯಿಲ್ ಸ್ಪ್ರಿಂಗು, ಕ್ರೋಮಿನ ಮೈ,
ನೋಡಿಕೊಂಡು ಬೊಟ್ಟಿಡಬಹುದು ಹಣೆಗೆ.
ಕೊಳವೆ ತಿರುಚಿಕೊಳ್ಳುವುದಿಲ್ಲ, ಕಣೋ.
ಒಂದು ಚಕ್ರ ಚರಂಡಿಗಿಳಿದು
ಇನ್ನೊಂದು ಸಿಲ್ವರ್ ಮರದ ಬೇರು ಹತ್ತಿದಾಗ
ಸೆಟೆದುಕೊಂಡೇ ಇರುತ್ತದೆ; ಆ ಸೆಟೆತದ ಲೆಕ್ಕವನ್ನು
ಎಲ್ಲೋ ಒಂದು ಮೂಲೆಯ ಬೆಸುಗೆ ತೀರಿಸಬೇಕು.
ಐ-ಬೀಮು ಬಡಿದ ಕಬ್ಬಿಣ.
ಕಣ್ಣಿಗೆ ಕಾಣದಷ್ಟು ಮೈ ಮುರಿದು
ಏನೂ ಆಗಿಲ್ಲವೆಂಬಂತೆ ಮತ್ತೆ ನೆಟ್ಟಗೆ.
ಸಿಕ್ಕಿದ್ದೂ ಕಾಕನ ಗುಜರಿಯಲ್ಲೇ, ಹಳೇ ಟೆಂಪೋ ಹೊಟ್ಟೆಯಡಿ.
ದುಡ್ಡು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.

ಎಷ್ಟು ತಗ್ಗಿಸುವುದು? ನನ್ನ ಮನಸ್ಸು ನಾಲ್ಕಿಂಚು ಅಂದಿತು,
ಅಮ್ಮತ್ತಿ ರಸ್ತೆ ಎರಡು ಅಂದಿತು.
ಪಾಲಿಬೆಟ್ಟದ ಕುಲುಮೆಯಲ್ಲಿ ಐರಿ ಮುದ್ದಯ್ಯ
ಎರಡೂ ತುದಿ ಕೆಂಪಗೆ ಕಾಯಿಸಿ, ಮೇಲಕ್ಕೆತ್ತಿ,
ರಸ್ತೆಯ ಮಾತನ್ನೇ ಕೇಳಿದ.

ಫೋರ್ಡಿನದೇ ಅಡ್ಡಪಟ್ಟಿ ಒಯ್ದಿದ್ದೆ,
ಛಾಸಿಗೆ ಕಚ್ಚಿಕೊಂಡೇ ಉಳಿದಿದ್ದ ಬಿಲ್ಲು.
ತುಕ್ಕು ಕೆರೆದು ಉಗುರಿನಿಂದ ಎಣಿಸಿದ. ಆರು.
ಮತ್ತೆ ಎಣಿಸಿದ. ಏಳಿರಬೇಕಿತ್ತಲ್ಲ.
ನಾನು ಅವನ ಹೆಂಡತಿ ಕೊಟ್ಟ ಬೆಲ್ಲದ ಕಾಫಿ ಕುಡಿಯುತ್ತಿದ್ದೆ.
ಮುದ್ದಯ್ಯ ಪಿಕಪ್ಪಿನ ಹಿಂದೆ ಬಿದ್ದಿದ್ದ ಕತ್ತಿ ಎತ್ತಿಕೊಂಡ.
ದೊಡ್ಡಮ್ಮನ ಕತ್ತಿ: ಸೌದೆ, ಹಲಸು,
ದಾರಿಗಡ್ಡ ಬಿದ್ದ ಬಳ್ಳಿ, ಎಷ್ಟೋ ಹಂದಿಯ ತೊಡೆ.
ಬೆನ್ನು ಸವರಿ ಹಿಡಿಯ ಹತ್ತಿರ ಹೆಬ್ಬೆರಳು ನಿಲ್ಲಿಸಿದ,
ಅಲ್ಲಿ ಅರ್ಧ ಚಂದ್ರದಷ್ಟು ತೂತು.
ನಡುಬೋಲ್ಟಿನದು, ಅಂದ. ಇದನ್ನು ಬಡಿದದ್ದು ನನ್ನಪ್ಪ.

ನಾವಿಬ್ಬರೂ ಸ್ವಲ್ಪ ಹೊತ್ತು ಕತ್ತಿಯನ್ನೇ ನೋಡಿದೆವು.
ತಿದಿ ತಾನೇ ಉಸಿರಾಡುತ್ತಿತ್ತು.
ಹೊಸ ಹಾಳೆ ಎಳೆದುಕೊಡ್ತೀಯಾ, ಕೇಳಿದೆ.
ಅವನು ತಲೆಯಾಡಿಸಿದ: ಅಷ್ಟು ಭಾರ ಇಳಿಸಿದ್ದೀಯ,
ಆರೇ ಹೆಚ್ಚು. ಇನ್ನೊಂದು ತೆಗೆ.
ತೂಗಾಡದ ಹಾಗೆ ಒಂದು ಅಡ್ಡಸರಳು ಹಾಕು,
ಕಿಂಗ್‌ಪಿನ್ನು ಹಿಂದಕ್ಕೆ ಆರು ಡಿಗ್ರಿ ಒರಗಿಸು,
ತಿರುವು ಮುಗಿದ ಮೇಲೆ ಚಕ್ರಕ್ಕೆ ಮನೆ ನೆನಪಾಗಬೇಕು.

ನಿನ್ನೆ ಸಂಜೆ ಜಾಕಿ ಇಳಿಸಿದೆ.
ಪಟ್ಟಿ ಒಂದು ಬೆರಳಷ್ಟು ಕುಸಿದು, ಕಿರ್ ಅಂದು, ನಿಂತಿತು.
ಎರಡು ಕಲ್ಲುಗಳನ್ನು ಪೂಣಚ್ಚ ಉರುಳಿಸಿದ;
ಕೆಳಗೆ ಬಿಳಿಚಿದ ಹುಲ್ಲು, ಓಡಿಹೋದ ಚೇಳು.
ತೆಗೆದ ಹಾಳೆಯನ್ನು ಮುದ್ದಯ್ಯ ತನಗೇ ಇಟ್ಟುಕೊಂಡ,
ಯಾರಿಗೋ ಕತ್ತಿ ಬೇಕಂತೆ.
ದೊಡ್ಡಮ್ಮನದು ಸೀಟಿನಡಿ ಗೋಣಿಯಲ್ಲಿ ಸುತ್ತಿಟ್ಟಿದ್ದೇನೆ.
ಇವತ್ತು ಓಡಿಸಬೇಕು.
ಬ್ರೇಕು ಮಾತ್ರ ಇನ್ನೂ ಕೂಡಿಸಿಲ್ಲ.