ನಲವತ್ತೇಳು ಡಿಗ್ರಿ

ಬೆಳಗಿನ ಐದಕ್ಕೆ ಅಡಿಗೆಮನೆಯ ಮೇಜಿನ ಮೇಲೆ
ನನ್ನ ಡಬ್ಬಿ, ಅವನ ಡಬ್ಬಿ, ನಡುವೆ ಉಪ್ಪಿನ ಕುಡಿಕೆ.
ಟೋಬಿನ್ ಲೋರೀನಳ ಮಗ. ನನ್ನವನಲ್ಲ,
ಹಾಗಂತ ಈ ಮನೆಯಲ್ಲಿ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.
ಹದಿಮೂರು ತುಂಬಿದೆ; ನನ್ನನ್ನು ಕರೆಯಲು
ಒಂದು ಹೆಸರು ಇನ್ನೂ ಸಿಕ್ಕಿಲ್ಲ ಅವನಿಗೆ.
"ಇದು?" ಅನ್ನುತ್ತಾನೆ. ಅಷ್ಟೆ.

ಎತ್ತಿ ಹಿಡಿದದ್ದು ಕಪ್ಪು-ನೀಲಿ ಜಿಗ್.
ಮುಕ್ಕಾಲು ಔನ್ಸಿನ ಸೀಸದ ತಲೆ, ಒಳಗೆ ಗಲಗಲ ಗುಂಡು,
ರಬ್ಬರ್ ಎಳೆಗಳ ನೆರಿಗೆ ಲಂಗ,
ಬೆನ್ನಿಗೆ ಸಿಕ್ಕಿಸಿದ ಟ್ರೇಲರಿಗೆ
ಬೀಸಣಿಗೆಯಷ್ಟಗಲ ಎರಡು ಇಕ್ಕುಳಗೈ.
ದಿಬ್ಬಣಕ್ಕೆ ಹೊರಟಿದೆ, ಅಂದುಕೊಂಡೆ.

ನಾನು ಆರಿಸಿದ್ದು ಹೆಬ್ಬೆರಳ ಉಗುರಿನಷ್ಟು ತಲೆ,
ಕಂದು ಲಂಗ, ಅದನ್ನೂ ಕತ್ತರಿಯಿಂದ ಮೋಟು ಮಾಡಿ
ಟ್ರೇಲರಿನ ತುದಿ ಅರ್ಧ ಇಂಚು ಹಲ್ಲಲ್ಲಿ ಕಚ್ಚಿ ಉಗಿದು
(ಸೋಂಪಿನ ವಾಸನೆ, ಉಪ್ಪು, ಕಾಫಿಯ ಮೇಲೆ ಕೆಟ್ಟ ರುಚಿ)
ಕೊಕ್ಕೆಗೆ ಏರಿಸಿದೆ.
ತಣ್ಣೀರಲ್ಲಿ ಬಾಸ್ ಮೀನಿಗೆ ಹಸಿವು ಸಣ್ಣದು, ಸೋಮಾರಿತನ ದೊಡ್ಡದು,
ಕುಣಿಯುವುದರ ಬೆನ್ನು ಹತ್ತುವುದಿಲ್ಲ ಅದು;
ನೀರು ಐವತ್ತೈದು ದಾಟಲಿ, ಆಮೇಲೆ ಕುಣಿಸು.
ಇಷ್ಟನ್ನೂ ಹೇಳಬಹುದಿತ್ತು.
ಹೋದ ವಾರ ಸೈಕಲ್ ಚೈನಿನ ಬಗ್ಗೆ ಹೇಳಿದ್ದೇ ಸಾಕಾಗಿತ್ತು.

ಮಾರ್ಚಿನ ಓಝಾರ್ಕ್. ದೋಣಿಯ ಕಾರ್ಪೆಟ್ಟು ಕಾಲ ಕೆಳಗೆ ಹಪ್ಪಳ.
ಸೀಡರ್ ಮರಗಳನ್ನು ತಲೆಗೇರಿಸಿಕೊಂಡ ಸುಣ್ಣಕಲ್ಲಿನ ಗೋಡೆ,
ಅದರ ಬುಡಕ್ಕೆ ಹೋಗಿ ನಿಂತೆವು.
ಪರದೆಯ ಮೇಲೆ ನಲವತ್ತೇಳು ಡಿಗ್ರಿ, ಹದಿನಾಲ್ಕು ಅಡಿ.
ಜಿಗ್ ತಳ ಮುಟ್ಟಿದ್ದು ಕೈಗೆ ಗೊತ್ತಾಗುತ್ತದೆ, ಕಣ್ಣಿಗಲ್ಲ:
ಕಲ್ಲು, ಕಲ್ಲು, ಜೇಡಿ, ಕಲ್ಲು.

ಮಾತಿಗೆ ಇರಲಿ ಅಂತ ಹಂದಿ ತೊಗಲಿನ ಕಥೆ ತೆಗೆದೆ.
ನನ್ನ ಕಾಲಕ್ಕೆ ಟ್ರೇಲರ್ ಅಂದರೆ ಅದೇ,
ಡೆಲ್ಮರನ ಅಂಗಡಿಯಲ್ಲಿ ಉಪ್ಪುನೀರಿನ ಬಾಟಲಿಯೊಳಗೆ;
ಕೊಕ್ಕೆಯಲ್ಲೇ ಮರೆತೆಯೋ,
ಮಧ್ಯಾಹ್ನಕ್ಕೆ ಚಪ್ಪಲಿ ಅಟ್ಟೆ.
ಅವನು ನಗಲಿಲ್ಲ. ಗಾಳದ ಕೋಲಿನ ಉಂಗುರಗಳಲ್ಲಿ
ಕಟ್ಟಿದ ಮಂಜನ್ನು ಒಂದೊಂದಾಗಿ ಊದಿ ಬಿಡಿಸುತ್ತಿದ್ದ.

ಎರಡು ಗಂಟೆ.
ನನ್ನ ಕಂದು, ನನ್ನ ಮೋಟು, ನನ್ನ ಜಾಣತನ,
ಒಂದನ್ನೂ ಯಾರೂ ಮೂಸಲಿಲ್ಲ.
ಅವನು ಸೋತು ಕೋಲನ್ನು ಮಂಡಿಯ ಮೇಲಿಟ್ಟು
ಎರಡೂ ಕೈ ಕಂಕುಳಿಗೆ ಸಿಕ್ಕಿಸಿ ಕೂತ.
ಕೆಳಗೆ ಅವನ ದಿಬ್ಬಣ ಮಲಗಿತು.
ಆಗ ದಾರ ಸರಿಯಿತು,
ನಿಮಿಷದ ಮುಳ್ಳು ಸರಿದಂತೆ, ಬದಿಗೆ.
"ಟೋಬಿನ್" ಅಂದೆ. ಅಷ್ಟೆ.

ಹದಿನಾಲ್ಕು ಇಂಚು. ಹದಿನೈದಿಲ್ಲದ್ದನ್ನು ಇಟ್ಟುಕೊಳ್ಳುವಂತಿಲ್ಲ.
ಆದರೆ ಬಲೆಯಲ್ಲಿ ಅದು ಕೆಮ್ಮಿ ಏನೋ ಉಗುಳಿತು:
ಸಿಗಡಿಯ ಮೈ, ಏಡಿಯ ಕೈ, ಅರ್ಧ ಕರಗಿದ ಕ್ರಾಡ್ಯಾಡ್.
ಅಂಗೈ ಮೇಲೆ ಇಟ್ಟುಕೊಂಡು ಇಬ್ಬರೂ ಬಗ್ಗಿದೆವು.
ಕಪ್ಪಲ್ಲ, ನೀಲಿಯಲ್ಲ. ಕಂದೂ ಅಲ್ಲ.
ಪಾಚಿ ಬಣ್ಣದ ಬೆನ್ನು, ಹೊಟ್ಟೆ ಹಳೆ ಬೆಲ್ಲ,
ಇಕ್ಕುಳದ ತುದಿಗೆ ಮಾತ್ರ ಒಂದು ಗೆರೆ ಕಿತ್ತಳೆ.
"ಇಬ್ಬರದೂ ತಪ್ಪು" ಅಂದ,
ಎಷ್ಟು ಖುಷಿಯಿಂದ ಅಂದರೆ
ನನಗೆ ಕಿವಿ ಬೆಚ್ಚಗಾಯಿತು.

ಮೀನನ್ನು ನೀರಿಗೆ ಬಿಟ್ಟ. ಹಿಂದೆಯೇ ಆ ಕ್ರಾಡ್ಯಾಡನ್ನೂ ಹಾಕಿದ:
"ಅದರ ಬುತ್ತಿ."
ನನ್ನ ಡಬ್ಬಿಯ ತಳದಲ್ಲೊಂದು ಬಣ್ಣದ ಪೆನ್ನಿತ್ತು, ಕಿತ್ತಳೆ,
ಮುಚ್ಚಳ ಹಿಡಿದುಕೊಂಡು ವರ್ಷಗಳಾಗಿವೆ.
ಹಲ್ಲಲ್ಲಿ ಕಚ್ಚಿ ಕಿತ್ತ. ಮೊದಲು ಬಳಿದದ್ದು
ನನ್ನ ಟ್ರೇಲರಿಗೆ, ಕೇಳದೆ.

ಮಧ್ಯಾಹ್ನದವರೆಗೆ ಮತ್ತೊಂದು ಮುಟ್ಟಲಿಲ್ಲ.
ಹಳೆಯ ಪೆನ್ನು; ಬಣ್ಣ ನೀರಿಗೆ ನಿಲ್ಲಲಿಲ್ಲ.
ಅವನ ಕೆಳತುಟಿಯ ಮೇಲೆ ಮಾತ್ರ ಇತ್ತು,
ಸೋಮವಾರ ಶಾಲೆಯ ಬಸ್ಸು ಹತ್ತುವಾಗಲೂ.